ಹಗ್ಗ ಎಳೆದುಕೊಂಡ ಮೇಲೆ

ಪಾಂಡವಪುರದ ಕುಂತಿ ಬೆಟ್ಟ ಹತ್ತಲು ಹಗ್ಗ ಬೇಡ. ಬುಡದ ದೇವಸ್ಥಾನಕ್ಕೆ ಕೈಮುಗಿದು, ಗುಂಡುಗಳ ಸಂದಿಯಲ್ಲಿ ನುಸುಳಿ, ಹಾಸುಬಂಡೆ ಜಾರುವ ಕಡೆ ಒಂದಿಷ್ಟು ಕೈಯೂರಿದರೆ ತುದಿ ಸಿಕ್ಕೇಬಿಡುತ್ತದೆ. ಬೆಂಗಳೂರಿನಿಂದ ಸುಮಾರು 130 ಕಿಲೋಮೀಟರ್. ಶನಿವಾರ ರಾತ್ರಿ ಟೆಂಪೊ ಟ್ರಾವೆಲರ್ ಹತ್ತಿದ ಹುಡುಗ ಹುಡುಗಿಯರು ಭಾನುವಾರ ಬೆಳಗಿನ ಜಾವಕ್ಕೆ ಮೇಲೆ ಕೂತು, ಅತ್ತ ತೊಣ್ಣೂರು ಕೆರೆಯ ನೀರು ಬೆಳಗುವುದನ್ನು, ಇತ್ತ ಕಬ್ಬಿನ ಗದ್ದೆಗಳ ಮೇಲಿಂದ ಮಂಜು ಏಳುವುದನ್ನು ಫೋನಿನಲ್ಲಿ ಹಿಡಿಯುತ್ತಿರುತ್ತಾರೆ. ಹಗ್ಗ ಬರುವುದು ಆಮೇಲೆ, ಬಿಸಿಲೇರುವ ಮುಂಚೆ. ಬಂಡೆ ನೆಟ್ಟಗೆ ಕಡಿದುಕೊಂಡ ಒಂದು ಕಡೆ ಸಾಹಸ ತಂಡದವರು ಹಗ್ಗ ಇಳಿಬಿಟ್ಟು, ನಡುವಿಗೂ ತೊಡೆಗೂ ಪಟ್ಟಿ ಬಿಗಿದು, ಪ್ರಪಾತಕ್ಕೆ ಬೆನ್ನು ಮಾಡಿ ನಿಲ್ಲಿಸುತ್ತಾರೆ. ಹಿಂದಕ್ಕೆ ಒರಗಿ, ಕಾಲು ಅಗಲ ಮಾಡಿ, ಬಲಗೈ ಮಾತ್ರ ಬಿಡಬೇಡಿ. ಇಷ್ಟೇ ಪಾಠ. ಇದಕ್ಕೆ ರ‍್ಯಾಪೆಲಿಂಗ್ ಎನ್ನುತ್ತಾರೆ.

ಎದೆ ಬಡಿದುಕೊಳ್ಳುವುದು ಮೊದಲ ಎರಡು ಹೆಜ್ಜೆಯಲ್ಲಿ ಮಾತ್ರ. ಅಂಚು ದಾಟಿ ಹಗ್ಗದ ಮೇಲೆ ಭಾರ ಬಿಟ್ಟ ಮೇಲೆ ಇಳಿಯುವುದು ಎಷ್ಟು ಸಲೀಸು ಅನ್ನಿಸುತ್ತದೆಂದರೆ, ಕೆಳಗೆ ನಿಂತ ಹತ್ತು ನಿಮಿಷಕ್ಕೆ ‘ಇದನ್ನು ನಾವೇ ಹಗ್ಗ ಕೊಂಡು ಮಾಡಬಹುದಲ್ಲ’ ಎಂಬ ಮಾತು ಗುಂಪಿನಲ್ಲಿ ಹುಟ್ಟುತ್ತದೆ. ಈ ಲೇಖನ ಆ ಮಾತಿಗಾಗಿ. ಕುಂತಿ ಬೆಟ್ಟದ ಅಂಚಿನಿಂದ ಇಳಿಯುವ ಹುಡುಗನಿಗೆ ಕಾಣುವುದು ಹಗ್ಗದ ವಿದ್ಯೆಯ ಕೊನೆಯ, ಅತಿ ಸುಲಭದ ಭಾಗ. ಉಳಿದದ್ದನ್ನೆಲ್ಲ ಬೇರೆ ಯಾರೋ ಮೇಲೆ ಮಾಡಿಟ್ಟಿರುತ್ತಾರೆ. ಆ ಉಳಿದದ್ದು ಏನು ಎಂಬುದು ಚೆನ್ನಾಗಿ ತಿಳಿಯಬೇಕಾದರೆ ಮಂಡ್ಯ ಜಿಲ್ಲೆಯಿಂದ ಬಹು ದೂರದ ಒಂದು ನೆಲವನ್ನು ನೋಡಬೇಕು.

ಅಮೆರಿಕದ ಯೂಟಾ, ಅರಿಜೋನಾ ರಾಜ್ಯಗಳ ಮರುಭೂಮಿಯಲ್ಲಿ ಮರಳುಗಲ್ಲಿನ ಪ್ರಸ್ಥಭೂಮಿಯನ್ನು ಮಳೆನೀರು ಕೊರೆದು ಮಾಡಿದ ಸಾವಿರಾರು ಕಿರುಗಮರಿಗಳಿವೆ. ಮೇಲಿನಿಂದ ನೋಡಿದರೆ ನೆಲ ಬಿರುಕು ಬಿಟ್ಟಂತೆ ಕಾಣುತ್ತದೆ. ಒಳಗಿಳಿದರೆ ಎರಡೂ ಭುಜ ಗೋಡೆಗೆ ತಾಗುವಷ್ಟು ಇಕ್ಕಟ್ಟು, ತಲೆಯ ಮೇಲೆ ನೂರಾರು ಅಡಿ ಕಲ್ಲು, ಅದರ ನಡುವೆ ಸೀಳಿದಂತೆ ಆಕಾಶ. ಇದೇ ಸ್ಲಾಟ್ ಕ್ಯಾನ್ಯನ್. ಇವುಗಳಲ್ಲಿ ಕೆಲವನ್ನು ನಡೆದೇ ದಾಟಬಹುದು. ಹಲವಕ್ಕೆ ಹಗ್ಗ ಬೇಕು. ಮೇಲಿನ ತುದಿಯಿಂದ ಇಳಿದು, ಒಣಗಿದ ಜಲಪಾತಗಳನ್ನು ಒಂದೊಂದಾಗಿ ಹಗ್ಗದಲ್ಲಿ ದಾಟಿ, ಕೆಳಗಿನ ಬಾಯಿಯಿಂದ ಹೊರಬರಬೇಕು. ಬೆಟ್ಟ ಹತ್ತುವವನು ಸುಸ್ತಾದರೆ ಬಂದ ದಾರಿಯಲ್ಲಿ ತಿರುಗಬಹುದು. ಇಲ್ಲಿ ಆ ಅನುಕೂಲವಿಲ್ಲ. ಮುಂದಿನ ಇಳಿಜಾರಿಗೂ ಅದೇ ಹಗ್ಗ ಬೇಕಾದ್ದರಿಂದ, ಎಲ್ಲರೂ ಇಳಿದ ಮೇಲೆ ಹಗ್ಗವನ್ನು ಕೆಳಗಿನಿಂದ ಎಳೆದುಕೊಳ್ಳುತ್ತಾರೆ. ಅದರ ತುದಿ ಮೇಲಿನ ಕೊಂಡಿಯಿಂದ ಜಾರಿ ಕೆಳಗೆ ಬಿದ್ದ ಕ್ಷಣಕ್ಕೆ ಹಿಂದಿನ ದಾರಿ ಮುಚ್ಚಿದಂತೆ.

ನಮ್ಮಲ್ಲಿ ಇದರ ಸುದ್ದಿ ಹೆಚ್ಚಾಗಿ ತಲುಪಿದ್ದು ಸಿನಿಮಾದ ಮೂಲಕ. 2010ರಲ್ಲಿ ಬಂದ, ಎ.ಆರ್. ರೆಹಮಾನ್ ಸಂಗೀತದ ‘127 ಅವರ್ಸ್’ ಅನ್ನು ಅನೇಕರು ನೋಡಿದ್ದಾರೆ. ಆರನ್ ರಾಲ್‌ಸ್ಟನ್ ಎಂಬ ಯುವಕ 2003ರ ಏಪ್ರಿಲ್ 26ರಂದು ಯೂಟಾದ ಬ್ಲೂಜಾನ್ ಕ್ಯಾನ್ಯನ್ನಿಗೆ ಒಬ್ಬನೇ ಇಳಿದ. ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಸುಮಾರು 360 ಕಿಲೋ ತೂಕದ ಗುಂಡು ಕದಲಿ ಅವನ ಬಲಗೈಯನ್ನು ಗೋಡೆಗೆ ಅದುಮಿ ಹಿಡಿಯಿತು. ಎಲ್ಲಿಗೆ ಹೋಗುತ್ತೇನೆಂದು ಅವನು ಯಾರಿಗೂ ಹೇಳಿರಲಿಲ್ಲ. ಐದು ದಿನ ಕಳೆದ ಮೇಲೆ ತನ್ನ ಮುಂಗೈಯನ್ನು ತಾನೇ ಕತ್ತರಿಸಿಕೊಂಡು ಬಿಡಿಸಿಕೊಂಡ. ಸಿನಿಮಾ ನೋಡಿದವರಿಗೆ ನೆನಪಿರುವುದು ಆ ಚಾಕು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆಮೇಲಿನದು: ರಕ್ತ ಸೋರುತ್ತಿರುವಾಗಲೇ ಅವನು ಒಂದೇ ಕೈಯಲ್ಲಿ ಹಗ್ಗ ಕಟ್ಟಿ ಸುಮಾರು 65 ಅಡಿ ಇಳಿದ. ಅಂಥ ಹೊತ್ತಿನಲ್ಲೂ ಕೈಗೆ ಬಂದ ವಿದ್ಯೆ ಅದು. ಯಾರಿಗೂ ಹೇಳದೆ ಹೋದದ್ದು ಅದೇ ವಿದ್ಯೆಯ ಮೊದಲ ಅಕ್ಷರವನ್ನು ಮರೆತದ್ದು.

ಇನ್ನು ನಮ್ಮ ಕಲ್ಲಿಗೆ ಬರೋಣ. ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗಿನ ಈ ನೆಲದಲ್ಲಿ ಮರುಭೂಮಿಯಿಲ್ಲ, ಆ ಬಗೆಯ ಕ್ಯಾನ್ಯನ್ನೂ ಇಲ್ಲ. ಇರುವುದು ಒಣನಾಡು ಮತ್ತು ಬಂಡೆ. ಲೋಕಪಾವನಿ ಕಾವೇರಿಗೆ ಸೇರುವ ಕಡೆ ನಿಂತ ಕರಿಘಟ್ಟ, ಪಾಂಡವಪುರ ತಾಲ್ಲೂಕಿನಲ್ಲಿ ಕುಂತಿ ಬೆಟ್ಟ ಮತ್ತು ಮೇಲುಕೋಟೆಯ ಸಾಲು, ಕೆ.ಆರ್. ಪೇಟೆ ಕಡೆಗೆ ಕೋಟೆ ಹೊತ್ತು ಕಡಿದಾಗಿ ನಿಂತ ನಾರಾಯಣದುರ್ಗ, ನಾಗಮಂಗಲದ ಆದಿಚುಂಚನಗಿರಿ. ಇಡೀ ದಕ್ಷಿಣ ಕರ್ನಾಟಕದ ತಳಪಾಯವಾದ ನೈಸ್ ಶಿಲೆಗೆ ಸುಮಾರು 300 ಕೋಟಿ ವರ್ಷ. ಯೂಟಾದ ಪ್ರಸಿದ್ಧ ನವಾಹೊ ಮರಳುಗಲ್ಲಿಗೆ 20 ಕೋಟಿ ವರ್ಷವೂ ಇಲ್ಲ. ವಯಸ್ಸಿನ ಈ ಅಂತರ ಬರೀ ಹೆಮ್ಮೆಗಲ್ಲ, ಹಗ್ಗ ಕಟ್ಟುವವನಿಗೆ ನೇರವಾಗಿ ಸಂಬಂಧಿಸಿದ್ದು. ಮರಳುಗಲ್ಲನ್ನು ನೀರು ಸುಲಭವಾಗಿ ಕೊರೆಯುತ್ತದೆ, ಆದ್ದರಿಂದಲೇ ಅಲ್ಲಿ ಕಮರಿಗಳು. ಹಗ್ಗವೂ ಅದನ್ನು ಕೊರೆಯುತ್ತದೆ. ಜನ ಹೆಚ್ಚು ಇಳಿಯುವ ಕ್ಯಾನ್ಯನ್ನುಗಳ ಅಂಚಿನಲ್ಲಿ ಹಗ್ಗ ಎಳೆದೂ ಎಳೆದೂ ಬೆರಳಿಡುವಷ್ಟು ಆಳದ ಗೀರುಗಳು ಬಿದ್ದಿವೆ, ಆ ಗೀರಿನಲ್ಲಿ ಮುಂದಿನವರ ಹಗ್ಗ ಸಿಕ್ಕಿಬೀಳುತ್ತದೆ. ಮಳೆ ಬಂದು ನೆನೆದ ಮರಳುಗಲ್ಲು ಬಲವನ್ನೂ ಕಳೆದುಕೊಳ್ಳುತ್ತದೆ. ನಮ್ಮ ಬಂಡೆ ಅಷ್ಟು ಬೇಗ ಮಣಿಯುವುದಿಲ್ಲ. ಬದಲಿಗೆ ಅದು ಈರುಳ್ಳಿಯ ಹಾಗೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಬಿಸಿಲು ಮಳೆಗೆ ಸಿಕ್ಕ ಮೇಲ್ಪದರ ಒಳಗಿನಿಂದ ಬಿಟ್ಟುಕೊಂಡಿರುತ್ತದೆ, ನೋಡಲು ಗಟ್ಟಿ. ಬಲ್ಲವರು ಗುಂಡಿಗೆ ಹಗ್ಗ ಸುತ್ತುವ ಮುಂಚೆ ಅಂಗೈಯಿಂದ ತಟ್ಟಿ ಕೇಳುತ್ತಾರೆ. ಟೊಳ್ಳು ಸದ್ದು ಬಂದರೆ ಬೇರೆ ಗುಂಡು ಹುಡುಕುತ್ತಾರೆ.

ಎಂಬತ್ತು ಕಿಲೋ ಮನುಷ್ಯನನ್ನು ಬೆರಳುಗಾತ್ರದ ಹಗ್ಗದಲ್ಲಿ ಒಂದೇ ಕೈ ಹಿಡಿದು ನಿಲ್ಲಿಸುವುದು ಹೇಗೆ? ಕಾರಣ ಘರ್ಷಣೆ. ಬೆದರಿದ ಹೋರಿಯನ್ನು ತಹಬಂದಿಗೆ ತರುವ ರೈತ ಹಗ್ಗ ಹಿಡಿದು ಜಗ್ಗಾಡುವುದಿಲ್ಲ, ಮರಕ್ಕೋ ಗೂಟಕ್ಕೋ ಎರಡು ಸುತ್ತು ಹಾಕಿ ತುದಿ ಹಿಡಿದು ಸುಮ್ಮನೆ ನಿಲ್ಲುತ್ತಾನೆ. ಆ ಸುತ್ತುಗಳ ಲೆಕ್ಕವನ್ನು ಹದಿನೆಂಟನೇ ಶತಮಾನದ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಸೂತ್ರವಾಗಿ ಬರೆದಿಟ್ಟ. ಘರ್ಷಣೆಯ ಗುಣಾಂಕ 0.3 ಎಂದು ಹಿಡಿದರೆ, ಒಂದು ಸುತ್ತಿಗೆ ಕೈಯ ಬಲ ಸುಮಾರು ಆರೂವರೆ ಪಟ್ಟು ಹೆಚ್ಚುತ್ತದೆ. ಎರಡು ಸುತ್ತಿಗೆ 43 ಪಟ್ಟು. ಮೂರು ಸುತ್ತಿಗೆ 285 ಪಟ್ಟು. ಸುತ್ತು ಕೂಡುತ್ತ ಹೋಗುವುದಿಲ್ಲ, ಗುಣಿಸುತ್ತ ಹೋಗುತ್ತದೆ. ನಡುವಿನ ಪಟ್ಟಿಗೆ ಸಿಕ್ಕಿಸುವ ಎಂಟರ ಆಕಾರದ ಲೋಹದ ತುಂಡು ಮಾಡುವುದು ಇದನ್ನೇ. ಹಗ್ಗ ಅದರಲ್ಲಿ ಬಳಸಿ ಬರುವುದರಿಂದ ದೇಹದ ಭಾರವೆಲ್ಲ ಲೋಹ ಮತ್ತು ಹಗ್ಗದ ತಿಕ್ಕಾಟಕ್ಕೆ ಹೋಗಿ, ಸೊಂಟದ ಪಕ್ಕದ ಕೈಗೆ ಉಳಿಯುವುದು ಸ್ವಲ್ಪ. ಆ ಸ್ವಲ್ಪವನ್ನೂ ಬಿಟ್ಟರೆ ಮಾತ್ರ ಸೂತ್ರದಲ್ಲಿ ಗುಣಿಸಲು ಏನೂ ಇರುವುದಿಲ್ಲ. ಸೊನ್ನೆಯನ್ನು 285ರಿಂದ ಗುಣಿಸಿದರೂ ಸೊನ್ನೆಯೇ. ಬಲಗೈ ಬಿಡಬೇಡಿ ಎಂಬ ಕೂಗಿನ ಅರ್ಥ ಇದು.

ತಿಕ್ಕಾಟ ಎಂದರೆ ಶಾಖ. ಸಿನಿಮಾದ ಸೈನಿಕರಂತೆ ಸರ್ರನೆ ಜಾರಿ ಇಳಿಯುವ ಆಸೆ ಎಲ್ಲ ಹುಡುಗರಿಗೂ ಇರುತ್ತದೆ. ಹಾಗೆ ಇಳಿದು ನಿಂತ ಮೇಲೆ ಆ ಲೋಹವನ್ನು ಮುಟ್ಟಿ ನೋಡಿದರೆ ಕೈ ಚುರ್ ಎನ್ನುತ್ತದೆ. ನೈಲಾನ್ ಸುಮಾರು 220 ಡಿಗ್ರಿಗೆ ಕರಗುವ ವಸ್ತು. ಅಷ್ಟು ದೂರ ಹೋಗದಿದ್ದರೂ ಬಿಸಿ ಲೋಹ ಒಂದೇ ಕಡೆ ನಿಂತರೆ ಹಗ್ಗದ ಹೊರಕವಚ ಹೊಳಪು ಬಂದು ಗಡುಸಾಗುತ್ತದೆ. ಮೆಲ್ಲಗೆ, ಒಂದೇ ಸಮನೆ ಇಳಿಯುವವನೇ ಚೆನ್ನಾಗಿ ಇಳಿಯುವವನು. ಕುಣಿದು ಕುಪ್ಪಳಿಸುವವನು ಪ್ರತಿ ಕುಪ್ಪಳಕ್ಕೂ ಮೇಲಿನ ಕಟ್ಟಿನ ಮೇಲೆ ತನ್ನ ತೂಕದ ಎಷ್ಟೋ ಪಾಲು ಹೆಚ್ಚು ಎಳೆತ ಹಾಕುತ್ತಿರುತ್ತಾನೆ.

ಆ ಮೇಲಿನ ಕಟ್ಟು, ಆಂಕರ್, ಇಡೀ ವಿದ್ಯೆಯ ಪ್ರಾಣ. ಹಗ್ಗ ಹರಿದು ಬಿದ್ದವರು ವಿರಳ. ಕಟ್ಟಿದ್ದು ಕಿತ್ತುಬಂದು, ತಪ್ಪಾಗಿ ಸಿಕ್ಕಿಸಿ, ಹಗ್ಗದ ತುದಿ ಮುಗಿದದ್ದು ಗೊತ್ತಾಗದೆ ಬಿದ್ದವರೇ ಹೆಚ್ಚು. ಕೊಂಡಿಯಾಗಿ ಬಳಸುವ ಕ್ಯಾರಬೀನರ್ ಸಾಮಾನ್ಯವಾಗಿ 22 ಕಿಲೋನ್ಯೂಟನ್, ಅಂದರೆ ಎರಡು ಟನ್ನಿಗೂ ಮಿಕ್ಕ ಭಾರ ತಡೆಯುತ್ತದೆ. ಅಷ್ಟು ಗಟ್ಟಿಯಾದದ್ದನ್ನು ಅಲುಗಾಡುವ ಕಲ್ಲಿಗೆ ಕಟ್ಟಿದರೆ ಪ್ರಯೋಜನವೇನು? ಆದ್ದರಿಂದ ಎರಡು ಬೇರೆ ಬೇರೆ ಆಧಾರಕ್ಕೆ ಕಟ್ಟಿ, ಒಂದು ಹೋದರೂ ಇನ್ನೊಂದು ಹಿಡಿಯುವಂತೆ ಮಾಡುತ್ತಾರೆ. ಇಲ್ಲೂ ಕೋನದ ಲೆಕ್ಕವಿದೆ. ಎರಡೂ ಕಟ್ಟಿನ ನಡುವಿನ ಕೋನ 60 ಡಿಗ್ರಿ ಇದ್ದರೆ ಒಂದೊಂದರ ಮೇಲೆ ಬೀಳುವುದು ಒಟ್ಟು ಭಾರದ ಶೇ 58. ಅದೇ 120 ಡಿಗ್ರಿಗೆ ಅಗಲವಾದರೆ ಒಂದೊಂದೂ ಪೂರ್ತಿ ಭಾರ ಹೊರುತ್ತದೆ; ಎರಡು ಕಟ್ಟಿದ್ದರಿಂದ ಹಂಚಿಕೆಯ ಲಾಭವೇ ಇಲ್ಲ. ಅದಕ್ಕೂ ಅಗಲವಾದರೆ ಒಂದಕ್ಕಿಂತ ಕೆಟ್ಟದ್ದು.

ಕುಂತಿ ಬೆಟ್ಟದಲ್ಲಿ ಗುಂಡುಗಳಿಗೆ ಬರವಿಲ್ಲ, ಆನೆ ಗಾತ್ರದವು ಬೇಕಾದಷ್ಟಿವೆ. ಮರುಭೂಮಿಯ ಕ್ಯಾನ್ಯನ್ನಿನಲ್ಲಿ ನುಣ್ಣನೆಯ ಗೋಡೆ, ತಳದಲ್ಲಿ ಮರಳು, ಮತ್ತೇನೂ ಇಲ್ಲದ ಜಾಗ ಬರುತ್ತದೆ. ಅಲ್ಲಿಯವರು ಚೀಲಕ್ಕೆ ಕಲ್ಲು ಮರಳು ತುಂಬಿ, ಪಟ್ಟಿ ಕಟ್ಟಿ, ಮರಳಿನಲ್ಲಿ ಹೂತು ಅದನ್ನೇ ಆಧಾರ ಮಾಡಿಕೊಳ್ಳುತ್ತಾರೆ. ಏನೂ ಸಿಗದಿದ್ದರೆ ಮನುಷ್ಯನೇ ಆಧಾರ: ಗುಂಪಿನ ಭಾರದ ಆಳು ಒಂದು ತಗ್ಗಿನಲ್ಲಿ ಕಾಲೂರಿ ಕೂತು ಉಳಿದವರನ್ನು ಇಳಿಸುತ್ತಾನೆ. ಕೊನೆಗೆ ಅವನು ಇಳಿಯುವುದು ಹೇಗೆ ಎಂಬುದು ಆಮೇಲಿನ ಮಾತು. ಸಾಮಾನ್ಯವಾಗಿ ಕೆಳಗಿರುವವರು ಹೆಗಲು ಕೊಟ್ಟು ಇಳಿಸಿಕೊಳ್ಳುತ್ತಾರೆ. ಬೋಲ್ಟ್ ಹೊಡೆದರೆ ಇದೆಲ್ಲ ಸುಲಭ, ಆದರೆ ಕಂಡಕಂಡಲ್ಲಿ ತೂತು ಕೊರೆಯುವುದನ್ನು ಅಲ್ಲಿಯವರೂ ಒಪ್ಪುವುದಿಲ್ಲ. ನಮ್ಮಲ್ಲಂತೂ ಮೇಲುಕೋಟೆಯ ಸುತ್ತಲಿನ ಕಾಡು 1974ರಿಂದ ತೋಳಗಳಿಗಾಗಿ ಕಾದಿಟ್ಟ ವನ್ಯಧಾಮ. ಬೆಟ್ಟದ ನೆತ್ತಿಯ ಮೇಲೆಲ್ಲ ದೇವರು, ಕೋಟೆ, ಕೊಳ. ಡ್ರಿಲ್ ಹಿಡಿದು ಹೋಗುವ ಜಾಗವಲ್ಲ ಅದು.

ಹಗ್ಗದಲ್ಲಿ ಇಳಿಯುವುದು ಈ ಸೀಮೆಗೆ ಹೊಸದೇನೂ ಅಲ್ಲ. ಬೋರ್‌ವೆಲ್ ಬರುವ ಮುಂಚೆ ಇಲ್ಲಿನ ಊರೂರಲ್ಲೂ ಸೇದುವ ಬಾವಿಗಳಿದ್ದವು. ಬೇಸಿಗೆಯಲ್ಲಿ ಹೂಳೆತ್ತಲು, ಬಿದ್ದ ಆಡು ಕುರಿ ಎತ್ತಲು ಆಳುಗಳು ಹಗ್ಗದಲ್ಲಿ ಇಳಿಯುತ್ತಿದ್ದರು. ಮುಳುಗಿದ ಕೊಡ ಎತ್ತಲು ಪಾತಾಳಗರಡಿ ಇತ್ತು, ಮನುಷ್ಯ ಮುಳುಗಿದರೆ ಮಾತ್ರ ಮನುಷ್ಯನೇ ಇಳಿಯಬೇಕಿತ್ತು. ತೆಂಗಿನ ನಾರು, ಕತ್ತಾಳೆ ನಾರು ಹೊಸೆದ ಹಗ್ಗ. ಮೇಲೆ ನಾಲ್ಕಾರು ಜನ ಹಿಡಿದು ಬಿಡುತ್ತ ಹೋಗುವರು. ಅವರು ಬಲ್ಲ ಒಂದು ಎಚ್ಚರಿಕೆಯನ್ನು ಇವತ್ತಿನ ಬಣ್ಣದ ಹಗ್ಗದವರೂ ಕಲಿಯಬೇಕು. ಹಳೆ ಬಾವಿಯ ತಳದಲ್ಲಿ ಗಾಳಿ ಕೆಟ್ಟಿರುತ್ತದೆಂದು ಮೊದಲು ಉರಿಯುವ ದೀಪ ಇಳಿಬಿಟ್ಟು ನೋಡುತ್ತಿದ್ದರು, ಆರಿದರೆ ಇಳಿಯುತ್ತಿರಲಿಲ್ಲ. ಕಲ್ಲುಕ್ವಾರಿಗಳಲ್ಲಿ ನಡುವಿಗೆ ಹಗ್ಗ ಬಿಗಿದುಕೊಂಡು ಬಂಡೆಯ ಮುಖದ ಮೇಲೆ ನೇತಾಡುತ್ತ ಕುಳಿ ಹೊಡೆದ ಕೂಲಿಗಳೂ ಇದೇ ವಿದ್ಯೆಯವರೇ. ಅವರಿಗೆ ಹೆಲ್ಮೆಟ್ಟೂ ಇರಲಿಲ್ಲ, ಭಾನುವಾರದ ಫೋಟೊವೂ ಇರಲಿಲ್ಲ. 

ನಾರಿನ ಹಗ್ಗದ ದೋಷವೆಂದರೆ ಅದು ಒಳಗಿನಿಂದ ಕೊಳೆಯುತ್ತದೆ, ಹೊರಗೆ ಕಾಣುವುದಿಲ್ಲ. ಎರಡನೇ ಮಹಾಯುದ್ಧದ ಕಾಲಕ್ಕೆ ನೈಲಾನ್ ಬಂತು. 1953ರಲ್ಲಿ ಜರ್ಮನಿಯ ಎಡೆಲ್‌ರಿಡ್ ಕಂಪನಿ ಒಳಗೆ ಎಳೆಗಳ ತಿರುಳು, ಹೊರಗೆ ಹೆಣೆದ ಕವಚ ಇರುವ ಹಗ್ಗವನ್ನು ಮಾಡಿತು. ಇವತ್ತು ಬೆಟ್ಟಗಳಲ್ಲಿ ಕಾಣುವುದೆಲ್ಲ ಅದರ ಸಂತತಿ. ಅದರಲ್ಲೂ ಎರಡು ಜಾತಿ. ಹತ್ತುವವನ ಹಗ್ಗ ಹಿಗ್ಗಬೇಕು, ಬಿದ್ದಾಗ ಹೊಡೆತ ನುಂಗಬೇಕು. ಇಳಿಯುವವನ ಹಗ್ಗ ಹಿಗ್ಗಬಾರದು. ಹಿಗ್ಗಿದರೆ ಮೇಲೆ ಕೆಳಗೆ ಜೀಕಾಡುತ್ತ ಬಂಡೆಯ ಅಂಚಿಗೆ ಉಜ್ಜುತ್ತದೆ. ಯುರೋಪಿನ ಮಾನದಂಡದ ಪ್ರಕಾರ ಇಳಿಯುವ ಹಗ್ಗ ಶೇ 5ಕ್ಕಿಂತ ಹೆಚ್ಚು ಹಿಗ್ಗುವಂತಿಲ್ಲ. ಲಾರಿಗೆ ಕಬ್ಬು ಬಿಗಿಯುವ ಹಗ್ಗವೂ ನೈಲಾನೇ ತಾನೇ ಎಂದು ಕೇಳುವವರಿದ್ದಾರೆ. ಅದು ಎಷ್ಟು ಭಾರ ತಡೆಯುತ್ತದೆಂದು ಯಾರೂ ಪರೀಕ್ಷಿಸಿ ಮುದ್ರೆ ಒತ್ತಿಲ್ಲ, ಕವಚವಿಲ್ಲ, ಎಷ್ಟು ವರ್ಷ ಬಿಸಿಲು ತಿಂದಿದೆಯೋ ಲೆಕ್ಕವಿಲ್ಲ. ಕಬ್ಬು ಬಿಗಿಯಲಿ, ಸಾಕು.

ಹಗ್ಗವನ್ನು ಕೆಳಗಿನಿಂದ ಎಳೆದುಕೊಳ್ಳುವ ಉಪಾಯ ಆಲ್ಪ್ಸ್ ಪರ್ವತದ್ದು. ಶಾಮೊನಿಯ ಮಾರ್ಗದರ್ಶಿ ಜ್ಯಾಂ ಶಾರ್ಲೆ ಪೆಟಿ ದ್ರು ಶಿಖರದೊಂದಿಗೆ ಸೆಣಸುತ್ತ 1870ರ ದಶಕದಲ್ಲಿ ಅದನ್ನು ರೂಢಿಗೆ ತಂದ. 1879ರಲ್ಲಿ ಆ ಶಿಖರವನ್ನೂ ಹತ್ತಿದ. ಹಗ್ಗವನ್ನು ನಡುವಿಗೆ ಮಡಚಿ ಮೇಲಿನ ಆಧಾರದೊಳಗೆ ತೂರಿಸಿ, ಎರಡೂ ಎಳೆ ಹಿಡಿದು ಇಳಿದು, ಒಂದನ್ನು ಎಳೆದರೆ ಇನ್ನೊಂದು ಮೇಲೇರಿ ದಾಟಿ ಬೀಳುತ್ತದೆ. ಮಾತಿನಲ್ಲಿ ಇಷ್ಟು ಸರಳ. ಬಂಡೆಯ ಬಿರುಕಿನಲ್ಲಿ ಗಂಟು ಸಿಕ್ಕಿಕೊಂಡರೆ, ಹಗ್ಗ ಅಂಚಿನ ಗೀರಿನಲ್ಲಿ ಕೂತುಬಿಟ್ಟರೆ, ಕೆಳಗಿರುವವರು ಮುಂದಕ್ಕೂ ಹೋಗಲಾರರು, ಹಿಂದಕ್ಕೂ ಹತ್ತಲಾರರು. ಆದ್ದರಿಂದ ಕ್ಯಾನ್ಯನ್ ಇಳಿಯುವವರಲ್ಲಿ ಒಂದು ಕಟ್ಟುಪಾಡು: ಕೊನೆಯವನೊಬ್ಬ ಮೇಲಿರುವಾಗಲೇ ಕೆಳಗಿನವರು ಹಗ್ಗ ಎಳೆದು ನೋಡಬೇಕು, ಸಲೀಸಾಗಿ ಬರುತ್ತದೆಂದು ಖಾತ್ರಿಯಾದ ಮೇಲೆ ಅವನು ಇಳಿಯಬೇಕು. ಕುಂತಿ ಬೆಟ್ಟದ ಪ್ರವಾಸಿಗೆ ಈ ಚಿಂತೆಯೇ ಬರುವುದಿಲ್ಲ. ಹಗ್ಗ ಮೇಲೆಯೇ ಇರುತ್ತದೆ, ಅದನ್ನು ಬಿಚ್ಚಿ ಸುತ್ತಿಕೊಳ್ಳುವವರು ನಡೆದೇ ಇಳಿದು ಬರುತ್ತಾರೆ.

ನಮ್ಮ ಬೆಟ್ಟಗಳ ನೆತ್ತಿಯ ದೊಣೆಗಳನ್ನು ಎಲ್ಲರೂ ಬಲ್ಲರು. ಬೇಸಿಗೆಯಲ್ಲೂ ನೀರು ನಿಂತು ಹಕ್ಕಿಗೂ ಚಾರಣಿಗನಿಗೂ ಆಸರೆಯಾಗುವ ಕಲ್ಲುಗುಂಡಿಗಳವು. ಕ್ಯಾನ್ಯನ್ನಿನೊಳಗೂ ದೊಣೆಗಳಿವೆ, ಆದರೆ ಅವು ಆಸರೆಯಲ್ಲ, ಬೋನು. ಹರಿವ ನೀರಿನ ಸುಳಿಗೆ ಕೊರೆದು ಹತ್ತು ಹದಿನೈದು ಅಡಿ ಆಳ, ಗೋಡೆ ನುಣುಪು. ತುಂಬಿದ್ದರೆ ಈಜಿ ದಾಟಬಹುದು, ಪೂರ್ತಿ ಒಣಗಿದ್ದರೂ ಒಬ್ಬರ ಹೆಗಲ ಮೇಲೊಬ್ಬರು ನಿಂತು ಏರಬಹುದು. ಅರ್ಧ ನೀರಿದ್ದಾಗ ಕಾಲಿಗೆ ನೆಲವಿಲ್ಲ, ಕೈಗೆ ಅಂಚು ಎಟುಕುವುದಿಲ್ಲ. ಬಿಸಿಲೇ ಕಾಣದ ಆ ನೀರು ಮರುಭೂಮಿಯ ನಡುವೆಯೂ ಕೊರೆಯುವಷ್ಟು ತಣ್ಣಗಿರುತ್ತದೆ. ಮರಳು ತುಂಬಿದ ಚೀಲಕ್ಕೆ ಹಗ್ಗ ಕಟ್ಟಿ ಆಚೆಯ ಅಂಚಿನ ಮೇಲಕ್ಕೆ ಎಸೆದು, ಅದರ ಭಾರ ಹಿಡಿದು ಮೇಲೇರುವುದು ಅಲ್ಲಿಯವರ ಉಪಾಯ.

ನೀರು ಬಂತು ಎಂದ ಮೇಲೆ ಹಗ್ಗದ ನಿಯಮಗಳೂ ತಿರುವುಮುರುವು. ಒಣ ಬಂಡೆಯಲ್ಲಿ ಹಗ್ಗದ ತುದಿಗೆ ಗಂಟು ಹಾಕಲೇಬೇಕು. ಹಗ್ಗ ಮುಗಿದದ್ದು ತಿಳಿಯದೆ ಜಾರಿ ಬೀಳದಂತೆ ಅದು ತಡೆಯುತ್ತದೆ. ಆಸ್ಟ್ರಿಯದ ಕಾರ್ಲ್ ಪ್ರುಸಿಕ್ 1931ರಲ್ಲಿ ಪ್ರಚುರಪಡಿಸಿದ ಬಿಗಿಗಂಟನ್ನು ಹಗ್ಗಕ್ಕೆ ಸುತ್ತಿಕೊಂಡರೆ ಕೈಬಿಟ್ಟರೂ ನಿಲ್ಲುತ್ತೇವೆ. ಎರಡೂ ಜೀವ ಉಳಿಸುವ ಗಂಟುಗಳು. ಧುಮ್ಮಿಕ್ಕುವ ಜಲಪಾತದಲ್ಲಿ ಇವೇ ಗಂಟುಗಳು ಮನುಷ್ಯನನ್ನು ನೀರಿನಡಿ ಸಿಕ್ಕಿಸಿ ಮುಳುಗಿಸಬಲ್ಲವು. ಅಲ್ಲಿ ಹಗ್ಗವನ್ನು ನೀರಿನ ಮಟ್ಟಕ್ಕೆ ಅಳೆದು ಬಿಟ್ಟು, ತುದಿಗೆ ಗಂಟಿಲ್ಲದೆ ಜಾರಿ ಈಜಿ ಹೊರಬರುವುದೇ ಕ್ಷೇಮ. ಒಣ ಬಂಡೆಯಲ್ಲಿ ಚೆನ್ನಾಗಿ ಕಲಿತವನು ಜುಲೈ ತಿಂಗಳಲ್ಲಿ ಜಲಪಾತಕ್ಕೆ ಹೋದರೆ ಹೊಸಬನಿಗಿಂತ ಹೆಚ್ಚು ಅಪಾಯದಲ್ಲಿರುತ್ತಾನೆ ಎಂದು ನಾನು ಹೇಳುವುದು ಇದಕ್ಕೇ.

ಮರುಭೂಮಿಯಲ್ಲಿ ಜನ ಸಾಯುವುದು ಬಾಯಾರಿಕೆಯಿಂದ ಎಂದುಕೊಳ್ಳುತ್ತೇವೆ. ಕ್ಯಾನ್ಯನ್ನುಗಳ ದೊಡ್ಡ ದುರಂತಗಳೆಲ್ಲ ನೀರಿನವು. 1997ರ ಆಗಸ್ಟ್ 12ರಂದು ಅರಿಜೋನಾದ ಆಂಟಿಲೋಪ್ ಕ್ಯಾನ್ಯನ್ನಿನಲ್ಲಿ 11 ಪ್ರವಾಸಿಗರು ಕೊಚ್ಚಿಹೋದರು. ಅವರ ತಲೆಯ ಮೇಲೆ ಹೇಳಿಕೊಳ್ಳುವಂಥ ಮಳೆಯೇ ಇರಲಿಲ್ಲ, ಮೈಲುಗಟ್ಟಲೆ ಮೇಲೆ ಸುರಿದದ್ದು ಸಂದಿಯಲ್ಲಿ ಗೋಡೆಯಾಗಿ ನುಗ್ಗಿತು. 2015ರ ಸೆಪ್ಟೆಂಬರ್ 14ರಂದು ಜಯಾನ್ ರಾಷ್ಟ್ರೀಯ ಉದ್ಯಾನದ ಕೀಹೋಲ್ ಕ್ಯಾನ್ಯನ್ನಿನಲ್ಲಿ ಏಳು ಜನರ ಗುಂಪು ಪೂರ್ತಿ ಸತ್ತಿತು. ಪ್ರವಾಹದ ಮುನ್ಸೂಚನೆ ಇದ್ದ ದಿನ ಅದು. ನುಣ್ಣನೆಯ ಎರಡು ಗೋಡೆಗಳ ನಡುವೆ ಓಡುವುದಾದರೂ ಎಲ್ಲಿಗೆ?

ಶ್ರೀರಂಗಪಟ್ಟಣದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಲ್ಲಿ ಬಿಸಿಲು ಕಾಯುತ್ತಿರುವಾಗಲೇ ಕೊಡಗಿನ ಮಳೆಗೆ ಕನ್ನಂಬಾಡಿ ಕಟ್ಟೆ ತುಂಬಿ ಗೇಟು ಎತ್ತಿದರೆ, ಬಲಮುರಿಯಲ್ಲಿ ಮೊಣಕಾಲುದ್ದ ಇದ್ದ ಕಾವೇರಿ ನೋಡನೋಡುತ್ತ ಬೇರೆಯೇ ಹೊಳೆಯಾಗುತ್ತದೆ. ಕೆ.ಆರ್. ಪೇಟೆಯ ಹೇಮಗಿರಿಯಲ್ಲಿ ಹೇಮಾವತಿಯೂ ಹಾಗೆಯೇ, ಸಕಲೇಶಪುರದ ಮಳೆಯನ್ನು ಬಿಸಿಲಿನ ಊರಿಗೆ ತಂದು ಸುರಿಯುತ್ತದೆ. ತಲೆಯ ಮೇಲಿನ ಆಕಾಶ ನೋಡಿ ಹೊಳೆಗಿಳಿಯಬಾರದು ಎಂಬುದು ಇಲ್ಲಿನ ಅಂಬಿಗರಿಗೆ ಗೊತ್ತಿರುವ ಸಂಗತಿ. ಗೊತ್ತಿಲ್ಲದವರು ಹೊರಗಿನಿಂದ ಬಂದು ಸೆಲ್ಫಿಗೆ ನಿಲ್ಲುವವರು.

ಯೂಟಾಕ್ಕೆ ಹೋಗದೆಯೂ ಈ ಅನುಭವದ ಹತ್ತಿರಕ್ಕೆ ಹೋಗಬಹುದು. ಮಹಾರಾಷ್ಟ್ರದ ಭಂಡಾರದರಾ ಬಳಿ, ಸಾಮ್ರದ್ ಎಂಬ ಊರಿನ ಪಕ್ಕದಲ್ಲೇ ಸಹ್ಯಾದ್ರಿಯ ಕಪ್ಪು ಕಲ್ಲನ್ನು ಸೀಳಿದ ಸಾಂಧಣ ಕಣಿವೆಯಿದೆ. ಇಕ್ಕಟ್ಟಿನ ಗೋಡೆಗಳು, ನಡುವೆ ಎದೆಮಟ್ಟದ ತಣ್ಣನೆಯ ನೀರು, ಮುಂದೆ ಹಗ್ಗದಲ್ಲಿ ಇಳಿಯಬೇಕಾದ ಮಜಲುಗಳು. ಮಳೆಗಾಲದಲ್ಲಿ ಅದರೊಳಗೆ ಹೆಜ್ಜೆಯಿಡುವಂತಿಲ್ಲ. ನಮ್ಮ ರಾಜ್ಯದಲ್ಲಿ ಹಗ್ಗದ ಪಾಠ ಕಲಿಯಬೇಕೆನ್ನುವವರಿಗೆ ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ, ಬಾದಾಮಿಯ ಮರಳುಗಲ್ಲಿದೆ, ರಾಮನಗರದ ಗ್ರಾನೈಟಿದೆ. ರಾಮನಗರದಲ್ಲೂ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ. ಅಲ್ಲಿ ಬಂಡೆಯ ಮೇಲೆ ಮೊದಲ ಹಕ್ಕು ಹದ್ದಿನದು.

ಬಂಡೆಯ ಇನ್ನೊಬ್ಬ ಹಕ್ಕುದಾರ ಹೆಜ್ಜೇನು. ಕಡಿದಾದ ಬಂಡೆಯ ಮುಂಚಾಚಿನ ಕೆಳಗೆ ಮೊರದಗಲದ ಹುಟ್ಟು ಕಟ್ಟುವ ಈ ಹುಳ ಎದ್ದರೆ ನೆಲದ ಮೇಲಿರುವವನು ಓಡಬಹುದು, ಪೊದೆಗೆ ನುಗ್ಗಬಹುದು. ಹಗ್ಗದ ನಡುವೆ ನೇತಾಡುವವನು ಏನು ಮಾಡಬೇಕು? ಸಿಗರೇಟಿನ ಹೊಗೆ, ಘಾಟು ಸೆಂಟು, ಸ್ಪೀಕರಿನ ಅಬ್ಬರ ಇವೆಲ್ಲ ಬೆಟ್ಟದ ಕೆಳಗೇ ಉಳಿಯಲಿ ಎಂದು ಹೇಳುವುದು ಶಿಸ್ತಿಗಾಗಿ ಮಾತ್ರವಲ್ಲ.

ಸಿಕ್ಕಿಬಿದ್ದರೆ ಯಾರು ಬರುತ್ತಾರೆ? 2022ರ ಫೆಬ್ರುವರಿಯಲ್ಲಿ ಕೇರಳದ ಮಲಂಪುಳದ ಬೆಟ್ಟದಲ್ಲಿ ಜಾರಿದ ಯುವಕನೊಬ್ಬ ಬಂಡೆಯ ಸಂದಿಯಲ್ಲಿ ಸುಮಾರು 45 ಗಂಟೆ ಅನ್ನ ನೀರಿಲ್ಲದೆ ಕೂತಿದ್ದ. ಕೊನೆಗೆ ಸೇನೆಯ ತಂಡ ಬೆಟ್ಟದ ನೆತ್ತಿಯಿಂದ ಹಗ್ಗದಲ್ಲಿ ಒಬ್ಬ ಯೋಧನನ್ನು ಇಳಿಸಿ, ನೀರು ಕುಡಿಸಿ, ಪಟ್ಟಿ ಬಿಗಿದು ಮೇಲೆಳೆದುಕೊಂಡಿತು. ಅದೇ ತಿಂಗಳು ನಂದಿ ಬೆಟ್ಟದ ಬಂಡೆಯಿಂದ ಬಿದ್ದು ಸಿಕ್ಕಿಕೊಂಡ ವಿದ್ಯಾರ್ಥಿಯನ್ನು ವಾಯುಪಡೆಯ ಹೆಲಿಕಾಪ್ಟರ್ ಎತ್ತಿತು. ಇಬ್ಬರೂ ಉಳಿದರು. ಆದರೆ ಪ್ರತಿ ಭಾನುವಾರದ ಪ್ರತಿ ಬೆಟ್ಟಕ್ಕೂ ಹೆಲಿಕಾಪ್ಟರ್ ಬರುವುದಿಲ್ಲ. ತಾಲ್ಲೂಕು ಮಟ್ಟದಲ್ಲಿ ಮೊದಲು ಬರುವವರು ಅಗ್ನಿಶಾಮಕ ದಳದವರು ಮತ್ತು ಊರಿನ ಗಟ್ಟಿ ಆಳುಗಳು. ಕುಂತಿ ಬೆಟ್ಟ, ಮೇಲುಕೋಟೆ, ನಾರಾಯಣದುರ್ಗದ ಸುತ್ತಲಿನ ಊರುಗಳ ನಾಲ್ಕು ಹುಡುಗರಿಗೆ ಹಗ್ಗದ ರಕ್ಷಣಾ ತರಬೇತಿ ಕೊಟ್ಟು ಒಂದು ಪೆಟ್ಟಿಗೆ ಸಾಮಾನು ಹತ್ತಿರದ ಠಾಣೆಯಲ್ಲಿಟ್ಟರೆ, ಜಿಲ್ಲಾಡಳಿತಕ್ಕೆ ಅದು ದೊಡ್ಡ ಖರ್ಚೇನಲ್ಲ. ಬೆಟ್ಟದ ಪ್ರವಾಸದ ಸಂಪಾದನೆಯಲ್ಲಿ ಊರಿಗೂ ಪಾಲು ಸಿಕ್ಕೀತು.

ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2018ರಲ್ಲೇ ಸಾಹಸ ಪ್ರವಾಸಕ್ಕೆ ಮಾರ್ಗಸೂಚಿ ಹೊರತಂದಿದೆ. ಬೆಟ್ಟದ ಅಂಚಿನಲ್ಲಿ ಅದನ್ನು ಹಿಡಿದು ನಿಲ್ಲುವ ಅಧಿಕಾರಿ ಸಿಗುವುದಿಲ್ಲ. ಕೇಳಬೇಕಾದವರು ದುಡ್ಡು ಕೊಟ್ಟು ಇಳಿಯುವವರೇ. ಮುಂದಿನ ಸಲ ಯಾರಾದರೂ ನಿಮ್ಮ ನಡುವಿಗೆ ಪಟ್ಟಿ ಬಿಗಿದರೆ, ಅಂಚಿಗೆ ಹೋಗುವ ಮುಂಚೆ ಮೇಲಿನ ಕಟ್ಟನ್ನು ತೋರಿಸಿ ಅನ್ನಿ. ಎರಡು ಆಧಾರಕ್ಕೆ ಕಟ್ಟಿದೆಯೇ, ಇಳಿಯುವ ಹಗ್ಗವಲ್ಲದೆ ನಿಮ್ಮನ್ನು ಹಿಡಿಯಲು ಬೇರೊಂದು ಹಗ್ಗವಿದೆಯೇ, ಹಗ್ಗ ನೆಲ ಮುಟ್ಟಿದೆಯೇ, ತಲೆಗೆ ಹೆಲ್ಮೆಟ್ ಇದೆಯೇ, ನಿಮ್ಮ ಉದ್ದ ಕೂದಲು ಮತ್ತು ದುಪಟ್ಟ ಆ ಲೋಹದ ತುಂಡಿಗೆ ಸಿಗದಂತೆ ಕಟ್ಟಿದೆಯೇ ಎಂದು ನೋಡಿ. ಕೆಲಸ ಬಲ್ಲವನು ಈ ಪ್ರಶ್ನೆಗಳಿಗೆ ಖುಷಿಯಿಂದ ಉತ್ತರ ಕೊಡುತ್ತಾನೆ. ಸಿಡುಕಿದರೆ ಪಟ್ಟಿ ಬಿಚ್ಚಿಕೊಟ್ಟು, ಹತ್ತಿ ಬಂದ ದಾರಿಯಲ್ಲೇ ನಡೆದು ಇಳಿಯಿರಿ. ಕುಂತಿ ಬೆಟ್ಟದಲ್ಲಿ ಆ ದಾರಿ ಇನ್ನೂ ತೆರೆದೇ ಇರುತ್ತದೆ.